ಬೋರಯ್ಯ ಮಾವನ ಹೊಟ್ಟೆ

ಬೋರಯ್ಯ ಮಾವ ಊಟಕ್ಕೆ ಕೂತರೆ ತಕ್ಷಣ ಕೈ ಹಾಕುತ್ತಿರಲಿಲ್ಲ. ಗಂಗಾಳವನ್ನು ಹೆಂಡತಿಯ ಕಡೆ ತಳ್ಳಿ ಗೋಡೆಗೆ ಒರಗುತ್ತಿದ್ದ. ಓಬಕ್ಕತ್ತೆ ಮುದ್ದೆಯಲ್ಲಿ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಅವನೆದುರೇ ನುಂಗಬೇಕು. ಅವಳ ಗಂಟಲು ಆಡಿದ್ದನ್ನು ಕಣ್ಣಾರೆ ಕಂಡ ಮೇಲೆ ಮಾವ "ಹ್ಞೂಂ" ಎಂದು ಗಂಗಾಳ ಎಳೆದುಕೊಳ್ಳುತ್ತಿದ್ದ. ನೆಂಟರಿರಲಿ, ಮನೆಯ ಅಳಿಯನೇ ಪಕ್ಕದಲ್ಲಿ ಕೂತಿರಲಿ, ಈ ಪರೀಕ್ಷೆ ತಪ್ಪುತ್ತಿರಲಿಲ್ಲ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬದುಕಿದ್ದಾಗಲೂ ಬೈದವಳು ನಾನು, ಹೊಸದಾಗಿ ಪಾಪವೇನೂ ಸುತ್ತಿಕೊಳ್ಳುವುದಿಲ್ಲ.

ಅವನು ನನ್ನವ್ವನ ಅಣ್ಣ. ಬಿ.ಜಿ. ಕೆರೆಯಲ್ಲಿ ಮನೆ, ಕುರಿ ವ್ಯಾಪಾರ. ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ತಿರುವಿದ ಮೀಸೆ. ಕುರಿಯ ವಿಷಯದಲ್ಲಿ ಅವನ ಮಾತು ಸುಳ್ಳಾಗುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಒಮ್ಮೆ ಚಳ್ಳಕೆರೆಯ ಸಂತೆಯಲ್ಲಿ ಲಾರಿಯಿಂದ ಇಳಿದ ಕುರಿಗಳೆಲ್ಲ ನೀರು ನೀರಾಗಿ ಹಿಕ್ಕೆ ಹಾಕುತ್ತಿದ್ದವು. ತಂದವನು ಕಂಗಾಲಾಗಿ ಔಷಧಿ ಕೇಳಿದ. ಮಾವ ನಕ್ಕ. "ಲೇ, ರೋಗ ಅಲ್ಲ ಕಣೋ ಅದು, ಅಂಜಿಕೆ. ಲಾರ್‍ಯಾಗೆ ಕುಲುಕಿ ತಂದೀಯ, ಜೀವ ಬಾಯಿಗೆ ಬಂದೈತೆ, ಕರುಳು ನಿಲ್ತೈತಾ? ನೆಳ್ಳಾಗೆ ಕಟ್ಟು, ನೀರು ತೋರ್ಸು, ಹೊತ್ತಿಗೆ ಮೇವು ಹಾಕು, ತಾನೇ ಸರಿಹೋಗ್ತೈತೆ." ಸಂಜೆಯ ಹೊತ್ತಿಗೆ ಸರಿಹೋಯಿತು.

ಅಂಥ ಜಾಣನಿಗೆ ತನ್ನ ಹೊಟ್ಟೆ ಮಾತ್ರ ಅರ್ಥವಾಗಲಿಲ್ಲ. ವ್ಯಾಪಾರಕ್ಕೆ ಹೊರಡುವ ಬೆಳಿಗ್ಗೆಯೇ ಹೊಟ್ಟೆ ಕಿವುಚುವುದು, ಬಸ್ಸು ಬಂದಾಗಲೇ ಬಯಲಿಗೆ ಓಡುವುದು. ನಾಲ್ಕು ದಿನ ಹೀಗೆ, ಮತ್ತೆ ನಾಲ್ಕು ದಿನ ಏನೂ ಹೋಗದೆ ಹೊಟ್ಟೆ ನಗಾರಿಯಾಗುವುದು. ಸಂತೆಯ ದಿನ ಹಸಿದ ಹೊಟ್ಟೆಗೆ ಮಿರ್ಚಿ ಬಜ್ಜಿ, ಒಂದರ ಮೇಲೊಂದರಂತೆ ಚಾ, ದಲ್ಲಾಳಿಗಳ ಜೊತೆ ಜಗಳ. ಇದ್ಯಾವುದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಡಿಯಾಚೆ ತೆಲುಗಿನವನೊಬ್ಬ ಮದ್ದು ತೆಗೆಯುತ್ತಾನೆಂದು ಯಾರೋ ಹೇಳಿದರು, ಹೋದ. ಮದ್ದು ಎಂದರೆ ಔಷಧಿಯಲ್ಲ; ಆಗದವರು ಅನ್ನದಲ್ಲಿ ಕಲಸಿಕೊಡುವ, ಹೊಟ್ಟೆಯೊಳಗೆ ಕೂತು ಮನುಷ್ಯನನ್ನು ಸವೆಸುವ ಕೆಟ್ಟ ವಸ್ತು ಎಂದು ನಮ್ಮ ಕಡೆ ನಂಬುತ್ತಾರೆ. ಆತ ಯಾವುದೋ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ಬೋಗುಣಿಯಲ್ಲೊಂದು ಕಪ್ಪು ಉಂಡೆ ತೋರಿಸಿ, "ಮಂದು ಪೆಟ್ಟಿನಾರು. ಇಂಟ್ಲೋ ಮನಿಷೇ" ಎಂದನಂತೆ. ಮದ್ದು ಹಾಕಿದ್ದಾರೆ, ಮನೆಯವರೇ.

ಮನೆಯಲ್ಲಿ ಆಗ ಇದ್ದವಳು ಓಬಕ್ಕತ್ತೆ ಒಬ್ಬಳೇ. ಮಗಳನ್ನು ದೇವಸಮುದ್ರಕ್ಕೆ ಕೊಟ್ಟಾಗಿತ್ತು. ಮಾವ ಈ ಸುದ್ದಿಯನ್ನು ಒಳಗೇ ಇಟ್ಟುಕೊಳ್ಳಲಿಲ್ಲ. ಅರಳಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ಅತ್ತೆ ಮಜ್ಜಿಗೆ ಕೊಟ್ಟರೆ ನೆರೆಯವರು "ಈಗ್ತಾನೆ ಕುಡ್ದೆ ಕಣಕ್ಕ" ಅನ್ನತೊಡಗಿದರು.

ನಾನು ಚಳ್ಳಕೆರೆಯಲ್ಲಿ ಹೈಸ್ಕೂಲ್ ಟೀಚರ್. ಮಾವನನ್ನು ಹಟ ಹಿಡಿದು ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ರಕ್ತ, ಮಲ, ಸ್ಕ್ಯಾನಿಂಗ್, ಕೊಳವೆ ಇಳಿಸಿ ನೋಡುವುದು, ಎಲ್ಲ ಆಯಿತು. ಆಕೆ ತಾಳ್ಮೆಯಿಂದ ಹೇಳಿದರು: "ಗಾಯ ಇಲ್ಲ, ಗಡ್ಡೆ ಇಲ್ಲ, ವಿಷ ಇಲ್ಲ. ಇದಕ್ಕೆ ಐಬಿಎಸ್ ಅಂತಾರೆ. ನಿಮ್ಮ ಕರುಳು ಗಟ್ಟಿಯಾಗೇ ಇದೆ, ಅದರ ನಡತೆ ಸರಿಯಿಲ್ಲ ಅಷ್ಟೆ. ತಲೆಗೂ ಕರುಳಿಗೂ ನಂಟಿದೆ. ಮನಸ್ಸು ಗಾಬರಿಯಾದರೆ ಅದೂ ಗಾಬರಿಯಾಗುತ್ತೆ. ಜೀವಕ್ಕೆ ಅಪಾಯವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ, ಚಾ, ಖಾರ, ಎಣ್ಣೇದು ಕಮ್ಮಿ ಮಾಡಿ, ಯಾವುದು ತಿಂದರೆ ಕೆರಳುತ್ತೆ ಗಮನಿಸಿ, ದಿನಾ ನಡೀರಿ. ನೋವು ಬಂದಾಗ ಈ ಮಾತ್ರೆ."

ಅಂದರೆ ಸಂತೆಯಲ್ಲಿ ಅವನೇ ಹೇಳಿದ ಮಾತು. ಮೆಟ್ಟಿಲಿಳಿಯುತ್ತಾ ಅದನ್ನೇ ನೆನಪಿಸಿದೆ. ಮಾವ ಕೆಂಡವಾದ. "ನಾನೇನು ಕುರೀನಾ? ನಾ ಅಂಜೋನಂತಾ? ಆಯಮ್ಮಂಗೆ ಏನೂ ಕಾಣ್ಲಿಲ್ಲ ಅಂದ್ರೆ ನಾ ಸುಳ್ಳು ಹೇಳ್ತೀನಂತಾ?" ಎಂದ. ಅವನಿಗೆ ಬೇಕಿದ್ದದ್ದು ಗುಣವಲ್ಲ, ಶತ್ರು. ತನ್ನ ಕರುಳು ತಾನೇ ಹೆದರುತ್ತದೆ ಅನ್ನುವುದಕ್ಕಿಂತ ಹೆಂಡತಿ ಕೊಲ್ಲಲು ನೋಡಿದಳು ಅನ್ನುವುದು ಆ ಮೀಸೆಗೆ ಒಪ್ಪುತ್ತಿತ್ತು.

ಇಷ್ಟು ಖಾರವಾಗಿ ಮಾತಾಡಲು ನನಗೆ ಹಕ್ಕಿದೆ. ಅದೇ ಕರುಳು ನನಗೂ ಬಂದಿದೆ. ಇನ್‌ಸ್ಪೆಕ್ಷನ್ ಇದ್ದ ದಿನ ನನ್ನ ಹೊಟ್ಟೆಯೂ ಬೆಳಿಗ್ಗೆಯಿಂದಲೇ ಗುಡುಗುತ್ತದೆ. ಅದೇ ಡಾಕ್ಟರಮ್ಮ ಹೇಳಿದಂತೆ ಹೊತ್ತಿಗೆ ಉಣ್ಣುತ್ತೇನೆ, ಹಾಲು ಬಿಟ್ಟಿದ್ದೇನೆ, ಸಂಜೆ ನಡೆಯುತ್ತೇನೆ. ಪೂರ್ತಿ ಹೋಗಿಲ್ಲ, ಹೇಳಿದ ಮಾತು ಕೇಳುತ್ತದೆ. ಇದಕ್ಕಾಗಿ ನಾನು ಯಾರ ಕೈಯಲ್ಲೂ ತುತ್ತು ನುಂಗಿಸಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಚಳ್ಳಕೆರೆಯ ಒಂದು ಔಷಧಿ ಅಂಗಡಿಯಲ್ಲಿ. ನನ್ನ ಮಾತ್ರೆಗೆ ಹೋಗಿದ್ದೆ. ಅದೇ ಮಾತ್ರೆಯ ಪಟ್ಟಿಯನ್ನು ಮಾವ ಜೇಬಿಗೆ ಇಳಿಸುತ್ತಿದ್ದ. "ಯಜಮಾನ್ರು ತಿಂಗಳು ತಿಂಗಳೂ ತಪ್ಪಿಸಲ್ಲ" ಎಂದ ಅಂಗಡಿಯವನು. ಹೊರಗೆ ಬಂದು ಕೇಳಿದೆ.

"ಹೊಟ್ಟೆ ಹೆಂಗೈತೆ ಮಾವ?"

"ಈಗ ಚಲೋ ಐತೆ. ಬಜ್ಜಿ ಬಿಟ್ಟೆ, ಚಾ ಬಿಟ್ಟೆ. ಆಯಮ್ಮ ಹೇಳಿದ್ದು ಖರೆ ಕಣವ್ವ."

"ಮತ್ತೆ ಅತ್ತೆ ಇನ್ನೂ ಯಾಕೆ ಮೊದ್ಲು ತುತ್ತು ನುಂಗ್ಬೇಕು?"

ಮಾವ ಬಸ್ಸು ಬರುವ ಕಡೆ ನೋಡಿದ. "ಈಗ ಮದ್ದಲ್ಲ ಅಂದ್ರೆ ಜನ ಏನಂತಾರೆ? ಸಂತ್ಯಾಗೆ ಬಾಯಿಬಿಟ್ಟು ಹೇಳಿದ ರೇಟು ಇಳಿಸಿದೋನ್ನ ಮತ್ತೆ ಯಾರೂ ನಂಬಲ್ಲ. ಉಗಾದಿ ಆಗ್ಲಿ, ನೋಡಾನ."

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದು. ಹುಚ್ಚು ನಂಬಿಕೆಯಿಂದ ಹಾಗೆ ಮಾಡಿದ್ದಾನೆಂದು ಅಲ್ಲಿಯವರೆಗೆ ಒಂದಿಷ್ಟು ಕನಿಕರವಾದರೂ ಇತ್ತು. ಅಂದು ಅದೂ ಹೋಯಿತು. ಅತ್ತೆಗೆ ನಾನೇ ಹೇಳಿದೆ. ಅವಳು ಜೋಳ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. "ನಾ ಹಾಕಿಲ್ಲ ಅಂತ ನಂಗೊತ್ತಿಲ್ವೇನೇ? ನಂಗೆ ಹೇಳಿ ಏನು ಬಂತು. ಊರಿಗೆ ಹೇಳ್ಬೇಕಾದೋನು ಆವಯ್ಯ."

ಆವಯ್ಯ ಹೇಳಲಿಲ್ಲ. ಉಗಾದಿಗೆ ಇನ್ನೂ ದಿನವಿರುವಾಗಲೇ ಎದೆನೋವು ಬಂದು ಸಂತೆಯಲ್ಲೇ ಹೋಗಿಬಿಟ್ಟ. ಮಣ್ಣು ಮಾಡಲು ಬಂದ ಜನ ಹಿಂದೆ ನಿಂತು ಪಿಸುಗುಟ್ಟಿದರು: "ಮದ್ದು ಎದಿಗೆ ಏರ್ತು." ಮಾತ್ರೆಯ ವಿಷಯ ನಾನು ಎಷ್ಟು ಜನರಿಗೆ ಹೇಳಿದೆನೋ. ಹೆಂಗಸರ ಕಡೆ ವಾದಿಸುವ ಟೀಚರಮ್ಮ ಎಂದು ತಲೆಯಾಡಿಸಿದರು.

ಮೊನ್ನೆ ದೇವಸಮುದ್ರದಲ್ಲಿ ಅತ್ತೆಯ ಮೊಮ್ಮಗನ ಜವಳ. ಕೂದಲು ತೆಗೆಸಿ ಊಟಕ್ಕೆ ಪಂಕ್ತಿ ಹಾಕಿದರು. ಅತ್ತೆ ಪಾಯಸದ ಬಕೆಟ್ಟು ಹಿಡಿದು ಸಾಲಿನ ಆ ತುದಿಯಿಂದ ಬಂದಳು. ನನ್ನ ಪಕ್ಕ ಕೂತಿದ್ದ ಬಿ.ಜಿ. ಕೆರೆಯ ಹೆಂಗಸು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟಳು. "ಸಾಕು ಕಣಕ್ಕ, ಹೊಟ್ಟಿ ತುಂಬೈತೆ." ಅವಳ ಎಲೆಯಲ್ಲಿ ಇನ್ನೂ ಉಪ್ಪು, ಉಪ್ಪಿನಕಾಯಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಅದರಾಚೆಯವಳೂ ಕೈ ಇಟ್ಟಳು. ಅತ್ತೆ ಸೌಟನ್ನು ಬಕೆಟ್ಟಿನೊಳಕ್ಕೆ ಬಿಟ್ಟು ನನ್ನನ್ನು ನೋಡಿದಳು. "ನಿಂಗೆ ಹಾಲು ಆಗಲ್ಲ, ಬ್ಯಾಡ ಬಿಡು" ಎಂದಳು.

"ಹಾಕತ್ತೆ" ಎಂದೆ. ಎಲ್ಲರಿಗೂ ಕೇಳುವಂತೆ ಸುರ್ರೆಂದು ಉಂಡೆ, ಇನ್ನೊಂದು ಸಲ ಹಾಕಿಸಿಕೊಂಡೆ. ಮರುದಿನ ಸ್ಕೂಲಿಗೆ ರಜೆ ಹಾಕಿ ಹೊಟ್ಟೆ ಹಿಡಿದು ಬಿದ್ದುಕೊಂಡೆ. ಆ ಸುದ್ದಿ ಬಿ.ಜಿ. ಕೆರೆಗೆ ಮುಟ್ಟಿದೆಯಂತೆ. ನನಗೂ ಓಬಕ್ಕನೇ ಹಾಕಿದಳು ಅನ್ನುತ್ತಿದ್ದಾರಂತೆ.