ಮೊದಲ ಹಲಗೆಯ ಅಡಿಬದಿ

ಜನವರಿ ಹದಿನಾಲ್ಕು. ಆಧಾರ: ಕಳೆದ ವರ್ಷದ ನನ್ನ ದಿನಚರಿ, ನೀಲಿ ರಟ್ಟಿನದು. ಆ ಪುಟದಲ್ಲಿ ಇರುವುದು ಎರಡೇ ವಾಕ್ಯ: ‘ಮಾಡಿನ ಮೇಲೆ ಹತ್ತಿ, ಹಲಗೆ ಹಲಗೆಗಳ ನಡುವೆ ಆರು ಮಿಲಿಮೀಟರ್ ಅಂತರ ಬಿಡಬೇಕೆಂದು ರಮಣ್‌ಭಾಯಿಗೆ ಸ್ಪಷ್ಟವಾಗಿ ಹೇಳಿದೆ. ಒಪ್ಪಿಕೊಂಡರು.’ ಈ ಎರಡು ವಾಕ್ಯಗಳನ್ನು ನಂಬಿ ನಾನು ಒಬ್ಬ ಕುಶಲಕರ್ಮಿಯ ಹೆಸರು ಕೆಡಿಸಿದೆ. ಅವರನ್ನು ಕುರಿತು ಬರೆಯುವ ಹಕ್ಕು ನನಗೆ ಉಳಿದಿದೆಯೇ ಎಂಬುದು ಗೊತ್ತಿಲ್ಲ. ಬರೆಯದೆ ಸುಮ್ಮನಿರುವ ಹಕ್ಕಂತೂ ಇಲ್ಲ.

ರಮಣ್‌ಭಾಯಿ ಮಿಸ್ತ್ರಿ ಎಂದರೆ ಮೊದಲು ನೆನಪಾಗುವುದು ಅವರ ಎಡಗೆನ್ನೆ. ಬೆಳಿಗ್ಗೆ ಕೆಲಸ ತೊಡಗುವ ಮುನ್ನ ಕಟ್ಟು ಬಿಚ್ಚಿ ಒಂದು ಹಲಗೆಯನ್ನು ಕೈಗೆತ್ತಿಕೊಂಡು, ಅದಕ್ಕೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲುತ್ತಿದ್ದರು. ಹಲಗೆ ಎಷ್ಟು ತಣ್ಣಗಿದೆ, ಬೇಸಿಗೆಗೆ ಇನ್ನೆಷ್ಟು ಹಿಗ್ಗೀತು ಎಂದು ಅಳೆಯುವ ಅವರ ಕ್ರಮ ಅದು. ನಾನು ನಗುತ್ತ, “ಥರ್ಮಾಮೀಟರ್ ತಂದುಕೊಡಲೇ?” ಎಂದು ಕೇಳಿದ್ದೆ.

“ಇದೆಯಲ್ಲ ಸಾಹೇಬ್,” ಎಂದು ಕೆನ್ನೆ ತಟ್ಟಿಕೊಂಡರು. “ಐವತ್ತೆಂಟು ವರ್ಷ ಹಳೆಯದು. ಇನ್ನೂ ಒಡೆದಿಲ್ಲ.”

ಅಹಮದಾಬಾದಿನ ಒಂದು ಕೇಂದ್ರೀಯ ಸಂಶೋಧನಾಲಯದಲ್ಲಿ ಮೂರು ದಶಕ ಪದಾರ್ಥವಿಜ್ಞಾನದ ಕೆಲಸ ಮಾಡಿ ನಿವೃತ್ತನಾದ ನಾನು, ವಡೋದರಾದ ಮಂಜಲ್‌ಪುರದಲ್ಲಿ ಒಂದು ಹಳೆಯ ಮನೆ ಕೊಂಡು ನೆಲೆಸಿದ್ದೇನೆ. ಮೇಲಂತಸ್ತಿಗೆ ಇಳಿಜಾರು ಮಾಡು. ಅದರ ಮೇಲೆ ಹೆಂಚು. ದಿನವೂ ಮುಸುವಗಳ ಹಿಂಡು ಎದುರುಮನೆಯ ಬೇವಿನ ಮರದಿಂದ ಹಾರಿ ಬಂದು ನಾಲ್ಕಾರು ಹೆಂಚು ಒಡೆದು ಹೋಗುತ್ತಿತ್ತು. ಕೊನೆಗೆ, ಸೀಳಿದ ಮರದ ಹಲಗೆಯಂತೆಯೇ ಕಾಣುವ, ಆದರೆ ಪ್ಲಾಸ್ಟಿಕ್ಕಿನಿಂದ ಎರಕಹೊಯ್ದ ಹಗುರ ಹಲಗೆಗಳನ್ನು ಹೊದಿಸುವುದೆಂದು ತೀರ್ಮಾನಿಸಿದೆ. ಕೋತಿ ಕುಣಿದರೂ ಒಡೆಯದು, ಗೆದ್ದಲು ತಿನ್ನದು. ಅಹಮದಾಬಾದಿನ ಮಾರಾಟಗಾರರು ತಮ್ಮ ಅಧಿಕೃತ ಪಟ್ಟಿಯಲ್ಲಿದ್ದ ಮಿಸ್ತ್ರಿಯೊಬ್ಬರನ್ನು ಕಳಿಸಿದರು. ಬಂದವರು ರಮಣ್‌ಭಾಯಿ.

ಅವರ ತಂದೆ, ಅಜ್ಜ ಇಬ್ಬರೂ ಮಳೆಗಾಲಕ್ಕೆ ಮುಂಚೆ ಊರೂರು ತಿರುಗಿ ಹೆಂಚು ಕೈಯಾಡಿಸುತ್ತಿದ್ದವರಂತೆ. ನಾನು ಕರ್ನಾಟಕದವನೆಂದು ತಿಳಿದದ್ದೇ ತಡ, ಅವರ ಮುಖ ಅರಳಿತು.

“ಮೇಂಗ್ಲೋರ್! ನಮ್ಮಜ್ಜನ ಕಾಲದ ಹೆಂಚಿನ ಬೆನ್ನ ಮೇಲೆಲ್ಲ ನಿಮ್ಮ ಊರಿನ ಹೆಸರು ಒತ್ತಿರುತ್ತಿತ್ತು ಸಾಹೇಬ್.”

“ನಮ್ಮದು ಮಂಗಳೂರಲ್ಲ, ತುಮಕೂರು. ಬಹಳ ದೂರ.”

“ಇರಲಿ, ಇರಲಿ. ಹೆಂಚಿನ ದೇಶದವರೇ ಖೋಟಾ ಮರ ಹೊದಿಸಿಕೊಳ್ಳುತ್ತೀರಿ ಅಂದರೆ, ನಮ್ಮಂಥವರು ಏನು ಮಾಡೋಣ!”

ಅಂದಿನಿಂದ ಅವರು ನನ್ನ ಹೆಂಡತಿ ಕಮಲೆಯನ್ನು ‘ಮೇಂಗ್ಲೋರ್‌ವಾಳಾ ಬೆನ್’, ಮಂಗಳೂರಿನ ಅಕ್ಕ, ಎಂದೇ ಕರೆದರು. ಅವಳು ಒಮ್ಮೆಯೂ ತಿದ್ದಲಿಲ್ಲ. ನಾನು ಪ್ರತಿ ಸಲವೂ ತಿದ್ದಿದೆ.

ಅವರ ಕೆಲಸ ನೋಡುವುದು ಒಂದು ಶಿಕ್ಷಣವಾಗಿತ್ತು. ಒಂದು ಕಟ್ಟು ಮುಗಿದ ಮೇಲೆ ಇನ್ನೊಂದನ್ನು ಬಿಚ್ಚುವವರಲ್ಲ; ಐದು ಕಟ್ಟುಗಳನ್ನು ಒಟ್ಟಿಗೆ ಬಿಚ್ಚಿ, ಇಸ್ಪೀಟಿನ ಎಲೆಗಳಂತೆ ಬೆರೆಸಿ ಜೋಡಿಸುವರು. “ಒಂದೇ ಮನೆಯವರನ್ನು ಒಂದೇ ಪಂಕ್ತಿಗೆ ಕೂರಿಸಿದರೆ ಊರಿಗೆಲ್ಲ ಕಣ್ಣಿಗೆ ಬೀಳುತ್ತದೆ” ಎನ್ನುವರು. ಕಟ್ಟಿನಿಂದ ಕಟ್ಟಿಗೆ ಬಣ್ಣ ತುಸು ಬೇರೆಯಿರುವುದರಿಂದ, ಬೆರೆಸದಿದ್ದರೆ ಮಾಡು ತೇಪೆ ಹಚ್ಚಿದಂತೆ ಕಾಣುತ್ತದೆ ಎಂದು ನನಗೆ ಆಮೇಲೆ ಅರ್ಥವಾಯಿತು. ಮೊಳೆ ಹೊಡೆಯುವಾಗ ಕೊನೆಯ ಪೆಟ್ಟು ಯಾವಾಗಲೂ ಮೆತ್ತಗೆ. “ಮೊಳೆ ಕೂರಬೇಕು ಸಾಹೇಬ್, ಮುಳುಗಬಾರದು.”

ಆದರೆ ಅವರ ಒಂದು ಗುಣ ನನಗೆ ಇಂದಿಗೂ ಬಿಸಿಯಾಗಿ ತಟ್ಟುತ್ತದೆ. ಹಳೆಯ ಹೆಂಚು ಇಳಿಸುವಾಗ ಕೆಳಗಿನ ರೀಪುಗಳು ಸೊಟ್ಟಗಿದ್ದದ್ದು ಕಂಡು ನಾನು, “ಯಾವ ಅಡ್ಡಕಸುಬಿ ಮಾಡಿದ್ದೋ ಇದನ್ನು!” ಎಂದೆ. ರಮಣ್‌ಭಾಯಿ ಸುತ್ತಿಗೆ ಕೆಳಗಿಟ್ಟರು.

“ಹಾಗೆ ಅನ್ನಬೇಡಿ. ಹಿಂದಿನ ಕೈಯನ್ನು ಬೈಯಬಾರದು. ಅವನು ಎಂಥ ಬಿಸಿಲಲ್ಲಿ ಕೂತಿದ್ದನೋ, ಕೆಳಗಿನಿಂದ ಯಾರು ಏನು ಕೂಗುತ್ತಿದ್ದರೋ.”

ಮೊದಲ ಹಲಗೆ ಇಡುವ ದಿನ ಅವರದೊಂದು ಪದ್ಧತಿಯಿತ್ತು. ಸೂರಿನ ಮೂಲೆಗೆ ಬರುವ ಹಲಗೆಯನ್ನು ಮಗುಚಿ, ಅಡಿಬದಿಗೆ ಕುಂಕುಮದಿಂದ ಸ್ವಸ್ತಿಕ ಬರೆದು, ಕಿವಿಯ ಮೇಲಿನ ದಪ್ಪ ಪೆನ್ಸಿಲನ್ನು ಮನೆಯ ಯಜಮಾನನ ಕೈಗೆ ಕೊಡುವುದು. ಹೆಸರು, ದಿನಾಂಕ, ಕೆಲಸದ ಮುಖ್ಯ ಅಳತೆ. ಇಷ್ಟನ್ನು ಯಜಮಾನನೇ ತನ್ನ ಕೈಯಾರೆ, ತನ್ನ ಭಾಷೆಯಲ್ಲಿ ಬರೆಯಬೇಕು. “ತಲೆಯ ಮೇಲಿರುವವನಿಗೆ ಕೆಳಗಿರುವವನ ಗುರುತು ಬೇಡವೇ?” ಎಂದರು. ನಾನು ಕನ್ನಡದಲ್ಲಿ ಏನನ್ನೋ ಬರೆದುಕೊಟ್ಟೆ. ಅವರು ಆ ಅಕ್ಷರಗಳನ್ನು ಬೆರಳಿನಿಂದ ಸವರಿ, “ದುಂಡು ದುಂಡಗೆ, ಜಲೇಬಿ ಇದ್ದ ಹಾಗಿದೆ” ಎಂದು ಹಲಗೆಯನ್ನು ಮಗುಚಿ ಮೊಳೆ ಹೊಡೆದರು. “ಇನ್ನು ಮಾಡು ಬದುಕಿರುವವರೆಗೆ ಇದನ್ನು ಎತ್ತಬಾರದು. ಎತ್ತಿದರೆ ಮನೆಗೆ ಒಳ್ಳೆಯದಲ್ಲ.” ಸಂಶೋಧಕನಾದ ನಾನು ಅದನ್ನು ಒಂದು ರಮ್ಯವಾದ ನಂಬಿಕೆಯೆಂದು ಮೆಚ್ಚಿ, ಮರೆತೆ.

ಮೇ ತಿಂಗಳ ಎರಡನೆಯ ವಾರಕ್ಕೆ ಹಲಗೆಗಳು ಬಿಸಿಲಿಗೆ ಹಿಗ್ಗಿ, ಒಂದನ್ನೊಂದು ನೂಕಿಕೊಂಡು ಉಬ್ಬಿದವು. ಪಶ್ಚಿಮದ ಇಳಿಜಾರು, ಬಿಸಿಯೆಣ್ಣೆಗೆ ಬಿದ್ದ ಹಪ್ಪಳದಂತಾಯಿತು. ಜೂನಿನ ಮೊದಲ ಮಳೆಗೆ ನನ್ನ ಓದುಕೋಣೆಯ ಸೂರು ತೊಟ್ಟಿಕ್ಕಿ, ಮೂರು ದಶಕಗಳ ಪ್ರಬಂಧಗಳ ಕಟ್ಟುಗಳು ತೊಯ್ದವು. ಅಂತರ ಸಾಲದೆ ಹೀಗಾಗಿದೆ ಎಂಬುದು ಅಳೆದ ಕೂಡಲೇ ತಿಳಿಯಿತು. ಹಲಗೆಗಳ ನಡುವೆ ಎರಡು ಮಿಲಿಮೀಟರಿಗಿಂತ ಹೆಚ್ಚು ಎಲ್ಲಿಯೂ ಇರಲಿಲ್ಲ.

ನಾನು ಮಾರಾಟಗಾರರಿಗೆ ನಾಲ್ಕು ಪುಟದ ಪತ್ರ ಬರೆದೆ. ಅದರ ಪ್ರತಿ ನನ್ನ ಮುಂದಿದೆ. ಕಟ್ಟುಗಳು ಬಂದ ದಿನ, ಹೆಂಚು ಇಳಿಸಿದ ದಿನ, ಕೆಲಸ ಮುಗಿದ ದಿನ, ಎಲ್ಲಕ್ಕೂ ತಾರೀಖು. ‘ಜನವರಿ ಹದಿನಾಲ್ಕರಂದು ನಾನು ಆರು ಮಿಲಿಮೀಟರ್ ಎಂದು ಸ್ಪಷ್ಟವಾಗಿ ಸೂಚಿಸಿದ್ದರೂ ಮಿಸ್ತ್ರಿ ಪಾಲಿಸಿಲ್ಲ’ ಎಂದು ಬರೆದು, ದಿನಚರಿಯ ಪುಟದ ಛಾಯಾಪ್ರತಿ ಲಗತ್ತಿಸಿದೆ. ಅವರ ಉದ್ಧಟತನಕ್ಕೆ ಸಾಕ್ಷಿಯಾಗಿ ಅವರದೇ ಮಾತೊಂದನ್ನೂ ಉದ್ಧರಿಸಿದೆ: ‘ಪುಸ್ತಕದಲ್ಲಿರುವುದು ನೆರಳಿನ ತಾಪ ಸಾಹೇಬ್, ಮಾಡಿಗೆ ತಗಲುವುದು ಬಿಸಿಲಿನ ತಾಪ.’ ಶಾಸ್ತ್ರೀಯ ಲೆಕ್ಕಾಚಾರವನ್ನು ಹೀಗೆ ಹಗುರಾಗಿ ಕಾಣುವವರಿಂದ ಇನ್ನೇನನ್ನು ನಿರೀಕ್ಷಿಸಬಹುದು ಎಂಬುದು ನನ್ನ ಉಪಸಂಹಾರ.

ಕಮಲೆ ಓದಿ ಪತ್ರವನ್ನು ಮೇಜಿನ ಮೇಲಿಟ್ಟಳು. “ಆರು ಅಂದದ್ದು ನೀವಾ? ನನಗೆ ನೆನಪಿರೋದೇ ಬೇರೆ ಕಣ್ರೀ.”

“ನಿನ್ನ ನೆನಪಿಗೆ ತಾರೀಖು ಇದೆಯಾ?”

ಅವಳು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದಳು.

ಜುಲೈ ಮೂರರಂದು ಮಾರಾಟಗಾರರ ಪ್ರತಿನಿಧಿ ಪರಿಶೀಲನೆಗೆ ಬಂದ. ಜೊತೆಗೆ ರಮಣ್‌ಭಾಯಿ. ನಾನು ಅವರನ್ನು ಕಂಡ ಕೊನೆಯ ದಿನ ಅದು. ಒಗೆದ ಬಿಳಿಯಂಗಿ ತೊಟ್ಟು ಬಂದಿದ್ದರು, ಯಾರದೋ ಮನೆಯ ಮದುವೆಗೆ ಬಂದವರಂತೆ. ಪ್ರತಿನಿಧಿ ನನ್ನ ಪತ್ರವನ್ನು ಹಿಂದಿಯಲ್ಲಿ ಓದಿ ಹೇಳಿದ. ನೆರೆಯವರಿಬ್ಬರು ಗೇಟಿನ ಬಳಿ ನಿಂತು ಕೇಳುತ್ತಿದ್ದರು. ರಮಣ್‌ಭಾಯಿ ಎಲ್ಲಿಯೂ ಅಡ್ಡಬಾಯಿ ಹಾಕಲಿಲ್ಲ.

“ನಿಮ್ಮ ಬಳಿ ಏನಾದರೂ ಬರಹದಲ್ಲಿ ಇದೆಯಾ?” ಎಂದು ಪ್ರತಿನಿಧಿ ಕೇಳಿದ.

ಅವರು ಒಮ್ಮೆ ತಲೆಯೆತ್ತಿ ಸೂರಿನ ಮೂಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಏನೋ ಹೇಳುವೆನೆಂದು ಕಾಯುವ ತಾಳ್ಮೆಯಿತ್ತು. ನಾನು ಪತ್ರದ ಪ್ರತಿಯನ್ನು ಮಡಿಚತೊಡಗಿದೆ.

“ಬರೆಯುವವರು ಸಾಹೇಬರು,” ಎಂದರು. “ಅವರಿಗೆ ನೆನಪಿರುತ್ತದೆ.”

ಹೊರಡುವಾಗ ಕಮಲೆ ಚಹಾ ತಂದಳು. ಬಸಿಗೆ ಬಗ್ಗಿಸಿಕೊಂಡು ನಿಂತೇ ಕುಡಿದರು. “ಮೇಂಗ್ಲೋರ್‌ವಾಳಾ ಬೆನ್, ಪುಸ್ತಕಗಳನ್ನು ಪೂರ್ವದ ಕೋಣೆಗೆ ಸಾಗಿಸಿ. ಆ ಕಡೆ ನೀರು ಬರುವುದಿಲ್ಲ.” ಅಷ್ಟೇ. ಆ ತಿಂಗಳಲ್ಲೇ ಅವರ ಹೆಸರು ಅಧಿಕೃತ ಪಟ್ಟಿಯಿಂದ ಹೋಯಿತು. ನಮ್ಮ ಬಡಾವಣೆಯ ಸೊಸೈಟಿಯಲ್ಲಿ ಅವರಿಗೆ ಮಾತಾಗಿದ್ದ ಎರಡು ಮನೆಗಳ ಕೆಲಸವೂ ಹೋಯಿತು. ಎರಡೂ ಮನೆಯವರು ನನ್ನ ಪತ್ರದ ಪ್ರತಿ ಕೇಳಿ ಪಡೆದಿದ್ದರು. ಒಬ್ಬರು ‘ಎಷ್ಟು ಆಧಾರಸಹಿತವಾಗಿದೆ!’ ಎಂದು ಮೆಚ್ಚಿಯೂ ಇದ್ದರು. ನಾನು ಆ ಮೆಚ್ಚುಗೆಯನ್ನು ಸ್ವೀಕರಿಸಿದೆ.

ದೀಪಾವಳಿ ಕಳೆದ ಮೇಲೆ ಅಹಮದಾಬಾದಿನಿಂದ ಹೊಸ ಮಿಸ್ತ್ರಿ ಬಂದ. ಹತ್ತಿದ ಕೂಡಲೇ ಹಿಂದಿನ ಕೈಯನ್ನು ಬೈಯತೊಡಗಿದ, ನಾನು ತಲೆಯಾಡಿಸಿದೆ. ಮಧ್ಯಾಹ್ನ ಸೂರಿನ ಮೂಲೆಯಿಂದ ಒಂದು ಹಲಗೆ ಕಿತ್ತು, ಅಡಿಬದಿ ನೋಡಿ, ಕೆಳಗೆ ಬಗ್ಗಿ ಕೇಳಿದ: “ಸಾಹೇಬ್, ಇಲ್ಲಿ ಯಾವುದೋ ಮಂತ್ರ ಬರೆದಿದೆ. ಇದನ್ನೂ ಎಸೆಯಲೇ?”

ಹಲಗೆ ನನ್ನ ಕೈಗೆ ಬಂತು. ಕುಂಕುಮ ಮಾಸಿ ಕಂದಾಗಿತ್ತು. ಪೆನ್ಸಿಲಿನ ಗುರುತು ಮಾಸಿರಲಿಲ್ಲ. ನನ್ನ ಹೆಸರು. ‘ಜನವರಿ ೧೬.’ ಅದರ ಕೆಳಗೆ ನನ್ನದೇ ಅಕ್ಷರದಲ್ಲಿ: ‘ಅಂತರ ೨ ಮಿ.ಮೀ., ನನ್ನ ಲೆಕ್ಕದ ಪ್ರಕಾರ.’

ಓಣಿಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ. ಕಮಲೆ ಬಂದು ನನ್ನ ಹೆಗಲ ಹಿಂದಿನಿಂದ ಓದಿದಳು.

ಆಗ ಎಲ್ಲವೂ ಬಂತು, ಬೇಡವೆಂದರೂ. ರಮಣ್‌ಭಾಯಿ ತಮ್ಮ ಜೇಬಿನಿಂದ ಸಾಗವಾನಿಯ ಒಂದು ಚಕ್ಕೆ ತೆಗೆದು, “ನಾನು ಇಷ್ಟು ಬಿಡುತ್ತೇನೆ” ಎಂದಿದ್ದರು. ಅದು ಆರು ಮಿಲಿಮೀಟರ್ ದಪ್ಪವಿತ್ತು. ಅಷ್ಟು ಸಂದಿ ಬಿಟ್ಟರೆ ಮಾಡು ಹಲ್ಲುಬಿಟ್ಟ ಬಾಯಿಯಂತೆ ಕಾಣುತ್ತದೆ ಎಂದವನು ನಾನು. ಹವಾಮಾನದ ಅಂಕಿಗಳನ್ನು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿ, ನನ್ನ ಪರ್ಸಿನಿಂದಲೇ ಎರಡು ಮಿಲಿಮೀಟರಿನಷ್ಟು ದಪ್ಪದ ಹತ್ತು ರೂಪಾಯಿಯ ನಾಣ್ಯ ತೆಗೆದು, “ಇದರ ದಪ್ಪ ಧಾರಾಳವಾಯಿತು” ಎಂದವನು ನಾನು. ಆ ಅಂಕಿಗಳು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆಯವು. ಬಿಸಿಲಿಗೆ ಮೈಯೊಡ್ಡಿದ ಹಲಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ನೆರಳಿನ ತಾಪ, ಬಿಸಿಲಿನ ತಾಪ ಎಂಬ ಆ ಮಾತು ಉದ್ಧಟತನವಲ್ಲ, ತಿದ್ದುಪಡಿ. ನನ್ನ ಪ್ರಯೋಗಾಲಯದ ಕಿರಿಯರು ಮಾಡಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಗೆರೆಯೆಳೆಯುತ್ತಿದ್ದ ತಪ್ಪು ಅದು. ಅವರು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳದೆ ಪೆನ್ಸಿಲು ಕೊಟ್ಟರು.

ಜುಲೈಯಲ್ಲಿ ಅವರು ಏಣಿ ಹಾಕಿ ಆ ಒಂದು ಹಲಗೆಯನ್ನು ಕಿತ್ತು ತೋರಿಸಿದ್ದರೆ ಸಾಕಿತ್ತು. ಎತ್ತಿದರೆ ಮನೆಗೆ ಒಳ್ಳೆಯದಲ್ಲವೆಂದು ನಂಬಿದ್ದವರು, ನನ್ನ ಮನೆಗೆ ಕೇಡು ಬಯಸಲಿಲ್ಲ.

ಮಾರಾಟಗಾರರಿಗೆ ಇನ್ನೊಂದು ಪತ್ರ ಬರೆದೆ. ತಪ್ಪು ನನ್ನದೆಂದು, ಹಲಗೆಯ ಚಿತ್ರದೊಡನೆ. ನೆರೆಯ ಎರಡು ಮನೆಗಳಿಗೂ ಹೋಗಿ ಓದಿ ಹೇಳಿದೆ. ಪತ್ರವನ್ನು ಮೆಚ್ಚಿದ್ದವರು ಈ ಸಲ ಕಾಲಿನ ಕಡೆ ನೋಡುತ್ತ ನಿಂತರು. ಮಾರಾಟಗಾರರು ಒಂದು ಸಾಲಿನ ಉತ್ತರ ಕಳಿಸಿದರು: ಹೆಸರನ್ನು ಮತ್ತೆ ಸೇರಿಸಲು ಅಡ್ಡಿಯಿಲ್ಲ, ಆದರೆ ಆತ ಎಲ್ಲಿದ್ದಾರೆಂದು ತಿಳಿಯದು. ರಮಣ್‌ಭಾಯಿಯ ಫೋನಿಗೆ ಉತ್ತರವಿರಲಿಲ್ಲ. ಸೂರತ್‌ನ ವರಾಛಾದಲ್ಲಿ ವಜ್ರ ಹೊಳಪಿಸುವ ಕಾರ್ಖಾನೆಗಳ ಮೇಲೆ ತಗಡು ಹೊದಿಸುತ್ತಿದ್ದಾರೆಂದು ಯಾರೋ ಹೇಳಿದರು.

ಡಿಸೆಂಬರ್ ಒಂಬತ್ತರಂದು ವರಾಛಾಕ್ಕೆ ಹೋದೆ. ಎರಡು ಗಲ್ಲಿ ತಿರುಗಿದ ಮೇಲೆ ಒಬ್ಬ ಕಾವಲುಗಾರ ಗುರುತು ಹಿಡಿದ. “ಗಾಲ್‌ವಾಲಾ ಕಾಕಾ? ಕೆನ್ನೆಯೊತ್ತಿ ನೋಡುತ್ತಿದ್ದವರು? ತಗಡಿಗೂ ಹಾಗೇ ಒತ್ತಲು ಹೋಗಿ ಒಂದು ಸಲ ಸುಟ್ಟುಕೊಂಡರು. ನಾವೆಲ್ಲ ನಕ್ಕೆವು. ದಸರೆಯ ಹೊತ್ತಿಗೇ ಕೆಲಸ ಬಿಟ್ಟರು.” ಎಲ್ಲಿಗೆ ಹೋದರೆಂದು ಅವನಿಗೆ ಗೊತ್ತಿರಲಿಲ್ಲ. “ನೀವು ಯಾರಾಗಬೇಕು ಅವರಿಗೆ?” ಎಂದು ಕೇಳಿದ.

ಅಂದು ಸಂಜೆ ಸೂರತ್‌ನದೇ ಕತಾರ್‌ಗಾಮ್‌ನಲ್ಲಿರುವ ತಂಗಿ ವಿಮಲೆಯ ಮನೆಗೆ ಹೋದೆ. ಅವಳ ಗಂಡ ಬ್ಯಾಂಕಿನವನು, ವರ್ಗವಾಗಿ ಬಂದು ಅಲ್ಲೇ ಉಳಿದವನು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸಂದರ್ಶಕರ ದಪ್ಪ ಪುಸ್ತಕವಿತ್ತು, ವರ್ಷದ ಆರಂಭದಿಂದ ಅದೇ. ಹಳೆಯ ಅಭ್ಯಾಸ, ಸಹಿ ಹಾಕಿ, ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ಜನವರಿ ಹದಿಮೂರು, ಒಳಬಂದದ್ದು: ನನ್ನ ಹೆಸರು, ನನ್ನ ಸಹಿ. ಹೊರಹೋದದ್ದು: ಜನವರಿ ಹದಿನೈದು.

ಹದಿನಾಲ್ಕು ನಮ್ಮ ಸಂಕ್ರಾಂತಿ, ಇಲ್ಲಿಯವರ ಉತ್ತರಾಯಣ. ಅಂದು ಗುಜರಾತಿನಲ್ಲಿ ಮಾಡು ಹತ್ತದವರಿಲ್ಲ, ಆದರೆ ಗಾಳಿಪಟಕ್ಕಾಗಿ. ಸುತ್ತಿಗೆ ಹಿಡಿದು ಹತ್ತುವ ಮಿಸ್ತ್ರಿ ಒಬ್ಬನೂ ಸಿಗುವುದಿಲ್ಲ. ನಾನು ಅಂದು ವಿಮಲೆಯ ತಾರಸಿಯಲ್ಲಿ ಎಳ್ಳು ಬೆಲ್ಲ ತಿನ್ನುತ್ತ ದಾರದ ಉರುಳೆ ಹಿಡಿದು ನಿಂತಿದ್ದೆ. ಅರ್ಧ ಬದುಕನ್ನು ಈ ರಾಜ್ಯದಲ್ಲಿ ಕಳೆದ ನನಗೆ, ಆ ತಾರೀಖೇ ಅಸಾಧ್ಯವೆಂದು ಹೊಳೆಯಲಿಲ್ಲ.

ಮರಳಿ ಬಂದು ದಿನಚರಿ ತೆರೆದೆ. ಜನವರಿಯ ಉಳಿದ ಪುಟಗಳೆಲ್ಲ ಕಪ್ಪು ಶಾಯಿಯವು. ಹದಿನಾಲ್ಕರ ಎರಡು ವಾಕ್ಯ ಮಾತ್ರ ನೀಲಿ. ಜೂನಿನಲ್ಲಿ ನಾನು ಕೊಂಡ ಪೆನ್ನಿನ ನೀಲಿ, ಆ ಪತ್ರದ ಸಹಿಯ ನೀಲಿ. ಪ್ರಯಾಣದಿಂದ ಖಾಲಿ ಉಳಿದಿದ್ದ ಪುಟ ಅದು. ಬರೆದದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂಬ ನನ್ನ ಮಾತನ್ನು ಈಗ ನಾನೂ ನಂಬುವುದಿಲ್ಲ.

ಪುಟವನ್ನು ಹರಿಯಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಸೇರಿಸಿದ್ದೇನೆ: ‘ಈ ದಿನ ನಾನು ಸೂರತ್‌ನಲ್ಲಿದ್ದೆ. ಆಧಾರ: ಕತಾರ್‌ಗಾಮ್‌ನ ಸಂದರ್ಶಕರ ಪುಸ್ತಕ. ಮೇಲಿನ ಬರಹ ನನ್ನದು, ನಡೆದದ್ದಲ್ಲ.’