ನೀಲಮ್ಮನ ಹೊಟ್ಟೆ ಹಗುರಾದ ದಿನ

ಶರಣ ಬಂಧುಗಳೇ, ನನ್ನ ಹೆಂಡತಿಗೆ ಮಲವಿಸರ್ಜನೆಯಾಗಲಿ ಎಂದು ನಾನು ದೇವರನ್ನು ಬೇಡಿದೆ. ದೇವರು ನಡೆಸಿಕೊಟ್ಟ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಸಂತಾನ ಬೇಡಿದವರ ಅನುಭವವನ್ನು, ನೌಕರಿ ಬೇಡಿದವರ ಅನುಭವವನ್ನು ನಾವು ಕಣ್ಣಿಗೊತ್ತಿಕೊಂಡು ಓದುತ್ತೇವೆ. ನನ್ನದನ್ನೂ ಹಾಗೆಯೇ ಓದಿರಿ. ನಡೆದಷ್ಟನ್ನೇ ಬರೆಯುತ್ತೇನೆ.

ಹೈದರಾಬಾದ್ ಸಂಸ್ಥಾನದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆಯ ಮಾಲು ಗುಮಾಸ್ತನಾಗಿದ್ದೆ. ನನ್ನ ಹೆಂಡತಿ ನೀಲಮ್ಮ ಚಿಂಚೋಳಿ ಕಡೆಯವಳು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಗರ್ಭಕೋಶದಲ್ಲಿ ಕ್ಯಾನ್ಸರ್ ಇದೆಯೆಂದು ಹೈದರಾಬಾದಿನ ದವಾಖಾನೆಯಲ್ಲಿ ಹೇಳಿದರು. ಹಬ್ಬಿದೆ, ಕೊಯ್ದು ಪ್ರಯೋಜನವಿಲ್ಲ ಎಂದರು. ತಿರುಗಿ ಬರುವಾಗ ಅವಳು ರೈಲುಗಾಡಿಯ ಹಲಗೆಯ ಮೇಲೆ ಮಲಗಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಸೇಡಂ ದಾಟಿ ಚಿತ್ತಾಪುರ ಬರುವ ಹೊತ್ತಿಗೆ ಸೆರಗಿನ ಅಂಚು ಹರಿದಿತ್ತು. ಹೆರಿಗೆಯಲ್ಲೂ ಕೂಗದ ಹೆಂಗಸು ಅವಳು.

ಶಹಾಬಾದಿನಲ್ಲಿ ಒಬ್ಬ ಡಾಕ್ಟರ್ ಸಾಹೇಬರಿದ್ದರು. ಅವರು ಅಫೀಮಿನ ಸತ್ವದಿಂದ ಮಾಡಿದ ಕಹಿ ಔಷಧದ ಬಾಟಲಿಯೊಂದನ್ನು ಕೊಟ್ಟರು. "ಇದರಿಂದ ರೋಗ ಹೋಗಂಗಿಲ್ಲ ಬಾಬೂ. ನೋವು ಹೋಗ್ತದ. ಅಷ್ಟು ನನ್ನ ಕೈಯಾಗ ಅದ" ಎಂದರು. ಜೊತೆಗೆ ಜುಲಾಬಿನ ಗುಳಿಗೆಗಳನ್ನೂ ಕೊಟ್ಟು, "ಈ ದವಾ ನೋವಿನ ಜೋಡಿ ಕರುಳನ್ನೂ ಮಲಗಿಸ್ತದ. ದಿನಾ ಗುಳಿಗಿ ತಗೋಬೇಕು, ನೀರು ಭಾಳ ಕುಡೀಬೇಕು. ನೀರಿಲ್ಲಂದ್ರ ಗುಳಿಗಿ ಏನೂ ಮಾಡಂಗಿಲ್ಲ" ಎಂದು ಎರಡು ಸಲ ಹೇಳಿದರು.

ನೋವು ಇಳಿಯಿತು. ನೀಲಮ್ಮ ಮಲಗಿ ನಿದ್ದೆ ಮಾಡಿದಳು. ಎದ್ದು ಪುಂಡಿಪಲ್ಯ ಕೇಳಿದಳು. ಮನೆಯೊಳಗೆ ಮತ್ತೆ ಮಾತು ಬಂತು. ಆಮೇಲೆ ಅವಳ ಹೊಟ್ಟೆ ಕಟ್ಟಿತು.

ನಮ್ಮ ಮನೆಯ ನೇಮ ನಿಮಗೆ ಹೊಸದಲ್ಲ. ಬೆಳಿಗ್ಗೆ ಬಯಲಿಗೆ ಹೋಗಿ ಬಂದು, ಮಿಂದು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಬಾಯಿಗೆ ನೀರು. ನೀಲಮ್ಮ ಮದುವೆಯಾಗಿ ಬಂದಂದಿನಿಂದ ಇದನ್ನು ತಪ್ಪಿಸಿದವಳಲ್ಲ. ಈಗ ಹೊಟ್ಟೆ ಶುದ್ಧವಾಗದೆ ಲಿಂಗ ಮುಟ್ಟುವುದಿಲ್ಲ ಎಂದಳು. ಲಿಂಗಕ್ಕೆ ಅರ್ಪಿಸದೆ ನೀರು ಕುಡಿಯುವುದಿಲ್ಲ ಎಂದಳು. ನೀರಿಲ್ಲದೆ ಹೊಟ್ಟೆ ಇನ್ನಷ್ಟು ಕಟ್ಟಿತು. ನಾನು ಅತ್ತು ಕೇಳಿಕೊಂಡಾಗ ನಾಲಿಗೆ ಒದ್ದೆಯಾಗುವಷ್ಟು ಗುಟುಕರಿಸುತ್ತಿದ್ದಳು, ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಒತ್ತಾಯಿಸಲಿಲ್ಲ. ನಾನೂ ಅದೇ ನೇಮದಲ್ಲಿ ಬೆಳೆದವನು.

ಹೊಟ್ಟೆ ಉಬ್ಬಿ ಕಲ್ಲಾಯಿತು. ವಾಂತಿ ಶುರುವಾಯಿತು. ಡಾಕ್ಟರ್ ಸಾಹೇಬರು ಬಂದು ಒತ್ತಿ ನೋಡಿ, "ಇದು ಗಡ್ಡಿ ಅಲ್ಲ, ಮಲ ನಿಂತದ. ಎನಿಮಾ ಕೊಡ್ತೀನಿ" ಎಂದರು. ನೀಲಮ್ಮ ಗೋಡೆಯ ಕಡೆ ಹೊರಳಿದಳು. "ದೇವರ ಜಗಲಿ ಇರೋ ಮನ್ಯಾಗ ಅದು ಬ್ಯಾಡ್ರಿ" ಎಂದಳು. ಬಯಲಿಗೆ ನಡೆಯುವ ಶಕ್ತಿ ಅವಳಿಗಿರಲಿಲ್ಲ. ಸಾಹೇಬರು ಚೀಲ ಮುಚ್ಚಿ ಹೊರಟುಹೋದರು.

ಅಂದು ಅವಳು ನನ್ನನ್ನು ಹತ್ತಿರ ಕರೆದಳು. "ಆ ಬಾಟ್ಲಿ ಬಂದ್ ಮಾಡ್ರಿ. ನೋವು ಬಂದ್ರ ಬರ್ಲಿ. ಲಿಂಗ ಮುಟ್ಟದ ನಾ ಹೋಗಂಗಿಲ್ಲ."

ಆ ನೋವನ್ನು ಕಂಡವನು ನಾನು. ಲಿಂಗ ಬೇಕಾದರೆ ನೋವು ತಿನ್ನಬೇಕು, ನೋವು ಬೇಡವಾದರೆ ಲಿಂಗ ಬಿಡಬೇಕು ಎಂಬಲ್ಲಿಗೆ ಬಂದು ನಿಂತಿದ್ದೆವು.

ಮನೆಯ ಮುಂದಿನ ಕಟ್ಟೆಯ ಮೇಲೆ ಜನ ಕೂಡತೊಡಗಿದರು. ಗಡ್ಡೆ ಹೊಟ್ಟೆಯೆಲ್ಲ ತುಂಬಿದೆ, ಇನ್ನು ತಡವಿಲ್ಲ ಎಂದು ಅವರೇ ತೀರ್ಮಾನಿಸಿದ್ದರು. "ಅಫೀಮು ತಿಂದ ಬಾಯಿಗೆ ಮಂತ್ರ ಎಲ್ಲಿ ಬರ್ತದ?" ಎಂದರು ಒಬ್ಬರು. ಇನ್ನೊಬ್ಬ ಹಿರಿಯರು, "ಪಡಕೊಂಡು ಬಂದದ್ದು ಉಂಡು ತೀರಿಸಬೇಕಪ್ಪ" ಎಂದರು. ನನಗೆ ತಡೆಯಲಾಗಲಿಲ್ಲ. "ಕಾಕಾ, ಹೋದ ತಿಂಗಳ ಹಲ್ಲು ನೋವಿಗೆ ಲವಂಗ ಬೇಡಲಿಕ್ಕೆ ನಮ್ಮ ಮನಿಗೇ ಬಂದಿದ್ರಿ. ಅವತ್ತು ಯಾಕ ಉಂಡು ತೀರಿಸಲಿಲ್ಲ?" ಎಂದು ಕೇಳಿ ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಮಿಂದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಮಂತ್ರ ಬರಲಿಲ್ಲ, ಜಗಳ ಬಂತು. ರೋಗ ವಾಸಿ ಮಾಡು ಎಂದು ನಾನು ಕೇಳಲಿಲ್ಲ. ಅದನ್ನು ಕೇಳಿ ಕೇಳಿ ಬಿಟ್ಟಿದ್ದೆ. "ಅವಳ ಹೊಟ್ಟೆ ಹಗುರು ಮಾಡು. ಅವಳ ಅಂಗೈಗೆ ನೀನು ಬಾ. ಅಲ್ಲಿಗೆ ಬರಲಾರದವನು ನನ್ನ ಅಂಗೈಯಲ್ಲಿ ಏಕೆ ಕುಳಿತಿದ್ದೀ?" ಎಂದೆ. ಇದೇ ಮಾತುಗಳು. ಇವು ಅಪರಾಧವಾದರೆ ಅದನ್ನು ನಾನೂ ಅವನೂ ನೋಡಿಕೊಳ್ಳುತ್ತೇವೆ.

ಲಿಂಗವನ್ನು ಕರಡಿಗೆಯಲ್ಲಿಟ್ಟು ಇನ್ನೂ ಎದ್ದಿರಲಿಲ್ಲ. ಹೊರಗೆ ಹೆಣ್ಣು ದನಿಯೊಂದು ಕೇಳಿಸಿತು: "ಯಾರು ಸತ್ತಾರಂತ ಕುಂತೀರ್ರೋ ಇಲ್ಲಿ?"

ನೀಲಮ್ಮನ ಸೋದರತ್ತೆ ಗಂಗವ್ವ ಬಂದಿದ್ದರು. ಕೊನೆಯ ಸಲ ಮುಖ ನೋಡಲು ಬನ್ನಿ ಎಂದು ಯಾರೋ ಅವರಿಗೆ ಹೇಳಿ ಕಳಿಸಿದ್ದರು. ಚಿಂಚೋಳಿಯಿಂದ ಸೇಡಂವರೆಗೆ ಮೋಟರು, ಅಲ್ಲಿಂದ ಗಾಡಿ. ಮೈಯೆಲ್ಲ ಧೂಳು. ಗಂಟು ಇಳಿಸದೆ ಸೋದರಸೊಸೆಯ ಹಾಸಿಗೆಯ ಬಳಿ ಕುಳಿತು ಎಲ್ಲವನ್ನೂ ಕೇಳಿದರು. ಕೇಳಿ ಮುಗಿದ ಮೇಲೆ ಅಳಲಿಲ್ಲ, ಸಿಟ್ಟಾದರು.

"ಏ ಹುಚ್ಚಿ, ನಿನ್ನ ಚೊಚ್ಚಲ ಹೆರಿಗಿ ಯಾರ ಕೈಯಾಗ ಆಯ್ತು?"

"ನಿಮ್ಮ ಕೈಯಾಗ, ಅತ್ತಿ."

"ಹಾಸಿಗಿ ತುಂಬ ರಕ್ತ ಇತ್ತು. ಅವಾಗ ಕೊಳ್ಳಾಗ ಲಿಂಗ ಇತ್ತೋ, ತೆಗೆದು ಗೂಟಕ್ಕ ಹಾಕಿದ್ದಿಯೋ?"

"ಲಿಂಗ ಯಾರರ ತೆಗಿತಾರೇನು ಅತ್ತಿ? ಕೊಳ್ಳಾಗೇ ಇತ್ತು."

"ಅವಾಗ ಓಡಿ ಹೋಗದವ ಈಗ ಇಷ್ಟಕ್ಕ ಓಡಿ ಹೋಗ್ತಾನೇನು? ಈಗೂ ನಿನ್ನ ಎದಿ ಮ್ಯಾಲೇ ಕುಂತಾನ. ಒಳಗ ಏನದ ಅಂತ ಅವಗ ಗೊತ್ತಿಲ್ಲೇನು? ಲಿಂಗ ಕಟ್ಕೊಂಡವ್ರಿಗೆ ಸೂತಕ ಎಲ್ಲಿಂದ ತಂದಿ?"

ನೀಲಮ್ಮನ ಬಲಗೈ ಎದೆಗೆ ಹೋಯಿತು. ಕರಡಿಗೆ ಬಿಚ್ಚಲು ಬೆರಳಿಗೆ ಬಲವಿರಲಿಲ್ಲ. ಗಂಗವ್ವ ಒದ್ದೆ ಬಟ್ಟೆಯಿಂದ ಅವಳ ಕೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ತಾವೇ ಬಿಚ್ಚಿ ಅಂಗೈಯಲ್ಲಿಟ್ಟರು. ಮೀಯಲಿಲ್ಲ, ಹೊಟ್ಟೆ ಶುದ್ಧವಿರಲಿಲ್ಲ. ಮಲಗಿದಲ್ಲೇ ಪೂಜೆಯಾಯಿತು. ಲಿಂಗದ ಮೇಲೆರೆದ ನೀರನ್ನು ಅವಳು ಕುಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

"ಇನ್ನ ಆ ಸಾಹೇಬ್ರು ಬರ್ಲಿ" ಎಂದಳು ನೀಲಮ್ಮ. "ಅವ್ರು ಮಾಡೋದು ಮಾಡ್ಲಿ."

ನಾನು ಮೊದಲು ಸಿಕ್ಕ ಗಾಡಿ ಹಿಡಿದು ಶಹಾಬಾದಿಗೆ ಹೋದೆ. ಸಾಹೇಬರು ಪ್ರಶ್ನೆ ಕೇಳದೆ ಚೀಲ ಎತ್ತಿಕೊಂಡರು. ಮಧ್ಯಾಹ್ನ ಮನೆಗೆ ಬಂದೆವು. "ಅಳಿಯಪ್ಪ, ನೀವು ಹೊರಗ ನಡೀರಿ" ಎಂದು ಗಂಗವ್ವ ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಜನರ ನಡುವೆ ಕುಳಿತೆ. ಒಳಗಿನಿಂದ ನರಳಾಟ ಕೇಳಿತು. ಸಾಹೇಬರು ಒಂದು ಸಲ ಹೊರಬಂದು ಮತ್ತೆ ಬಿಸಿನೀರು, ಸಾಬೂನು ಕೇಳಿ ಒಳಗೆ ಹೋದರು. ಬಿಸಿಲು ಕಟ್ಟೆಯಿಂದ ಇಳಿಯಿತು. ಲವಂಗದ ಕಾಕಾ ಸಮಾಧಿಗೆಂದು ತಂದ ವಿಭೂತಿಯ ಚೀಲ ಹಿಡಿದುಕೊಂಡೇ ಕುಳಿತಿದ್ದರು.

ಕೊನೆಗೆ ಬಾಗಿಲು ತೆರೆಯಿತು. ಗಂಗವ್ವ ಮುಚ್ಚಿದ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಂದರು.

"ದಾರಿ ಬಿಡ್ರಿ! ಸಾಯೋದು ನೋಡ್ಲಿಕ್ಕ ಬಂದವ್ರು ಇದನ್ನೂ ನೋಡ್ಕೊಂಡು ಹೋಗ್ರಿ. ಹೊಟ್ಟಿ ತುಂಬ ಗಡ್ಡಿ ಅಂದ್ರಲ್ಲ, ಇದೇ ನೋಡ್ರಿ ಆ ಗಡ್ಡಿ!"

ಕಾಕಾ ಎಲ್ಲರಿಗಿಂತ ಮೊದಲು ಎದ್ದರು. ಕಟ್ಟೆ ಖಾಲಿಯಾಯಿತು. ನಾನು ಅಲ್ಲೇ ಕುಳಿತು ಮೊಣಕಾಲಿಗೆ ಮುಖವಿಟ್ಟು ಅತ್ತೆ. ಒಳಗೆ ಹೋದಾಗ ನೀಲಮ್ಮ ಬೆವರಿ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ಹೊಟ್ಟೆ ಇಳಿದಿತ್ತು. "ಹಗುರಾಯ್ತು ನೋಡ್ರಿ" ಎಂದಳು.

ಬಾಟಲಿ ನಿಲ್ಲಲಿಲ್ಲ. ಅದರ ಜೊತೆ ದಿನವೂ ಗುಳಿಗೆ. ಸಾಹೇಬರು ಹೇಳಿದ ಹಾಗೆ ನೀರು, ಮಜ್ಜಿಗೆ, ತೆಳ್ಳನೆಯ ಅಂಬಲಿ. ಪ್ರತಿ ಲೋಟವನ್ನೂ ಲಿಂಗಕ್ಕೆ ತೋರಿಸಿ ಕುಡಿಯುವಳು. ಬಯಲಿಗೆ ಹೋಗಲಾಗದ ದಿನ ಹಾಸಿಗೆಯ ಬಳಿಯ ಪಾತ್ರೆ, ನಾನೇ ಎತ್ತುತ್ತಿದ್ದೆ. ನಡುವೆ ಕೆಲವು ದಿನ ಮತ್ತೆ ಕಟ್ಟಿತು, ಸಾಹೇಬರು ಮತ್ತೆ ಬಂದರು, ಆದರೆ ಪೂಜೆ ಒಂದು ದಿನವೂ ತಪ್ಪಲಿಲ್ಲ. ದೀಪಾವಳಿಯ ದೀಪ ಹಚ್ಚಿ, ಅದಾದ ಕೆಲವು ದಿನಕ್ಕೆ ನೀಲಮ್ಮ ಲಿಂಗೈಕ್ಯಳಾದಳು. ಸೆರಗು ಬಾಯಲ್ಲಿರಲಿಲ್ಲ. ಲಿಂಗ ಅಂಗೈಯಲ್ಲಿತ್ತು.

"ಕಡೀಗೆ ಹೋದಳಲ್ಲ, ನಿನ್ನ ದೇವರು ಏನು ಕೊಟ್ಟಂಗಾಯ್ತು?" ಎಂದು ಕಾಕಾ ಕೇಳಿದರು. ನಾನು ಕೇಳಿದ್ದನ್ನು ಕೊಟ್ಟ ಎಂದೆ. ನಾನು ಆಯುಷ್ಯ ಕೇಳಿರಲಿಲ್ಲ. ಬೈದು ಕೇಳಿದವನಿಗೂ ಅವನು ಕೊಟ್ಟ, ಅದೂ ಚಿಂಚೋಳಿಯ ಮೋಟರಿನಲ್ಲಿ ಕೂಡಿಸಿ ಕಳಿಸಿದ. ಇಂಥದ್ದನ್ನು ದೇವರ ಮುಂದೆ ಹೇಗೆ ಹೇಳುವುದು ಎಂದು ನಾಚಿ ನಿಮ್ಮ ಮನೆಯಲ್ಲಿ ಯಾರಾದರೂ ಬಾಯಿ ಮುಚ್ಚಿ ಮಲಗಿದ್ದರೆ, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿರಿ.

ಈಗಲೂ ಬೆಳಿಗ್ಗೆ ಚೊಂಬು ಹಿಡಿದು ಬಯಲಿಗೆ ಹೋಗಿ ಹಗುರಾಗಿ ಬರುವಾಗ, ಮೀಯುವ ಮೊದಲೇ, ದಾರಿಯಲ್ಲೇ ನಿಂತು ಅವನಿಗೆ ಶರಣು ಎನ್ನುತ್ತೇನೆ. ಅದು ಶುದ್ಧವಲ್ಲ ಎನ್ನುವವರು ನಮ್ಮ ಮನೆಗೆ ಬಂದು ಹೇಳಲಿ. ಗಂಗವ್ವ ಅತ್ತೆ ಈಗ ನಮ್ಮಲ್ಲೇ ಇದ್ದಾರೆ.