ಯಾರ ಜೊತೆ ಮಾತಾಡಾಕೆ ಲೈಸೆನ್ಸು?

ಹ್ಯಾಮ್ ರೇಡಿಯೋ ಲೈಸೆನ್ಸಿಗೆ ನಾನು ಮೊದಲ ಸಲ ಅರ್ಜಿ ಹಾಕಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಚನ್ನಗಿರಿಯಿಂದ. ಮನೆಯಲ್ಲೇ ಕೂತು, ಸ್ವಂತ ಯಂತ್ರದಿಂದ, ಗುರುತು ಪರಿಚಯ ಇಲ್ಲದ ಊರು ದೇಶಗಳವರ ಜೊತೆ ಮಾತಾಡುವ ಹವ್ಯಾಸ ಅದು. ಸರ್ಕಾರದ ಪರೀಕ್ಷೆ ಪಾಸಾಗಬೇಕು, ಆಮೇಲೆ ಲೈಸೆನ್ಸು ಬರಬೇಕು. ನನಗಾಗ ಹತ್ತೊಂಬತ್ತು. ಪಿಯುಸಿ ಮುಗಿಸಿ, ಗಂಡು ಗೊತ್ತಾಗುವ ತನಕ ಮನೆಯಲ್ಲಿದ್ದೆ. ಹೊಸಿಲು ದಾಟಲೂ ಕಾರಣ ಹೇಳಬೇಕಿದ್ದವಳಿಗೆ ಇಂಥ ಆಸೆ ಹುಟ್ಟಿದ್ದೇ ಅಧಿಕಪ್ರಸಂಗ.

ಆ ಆಸೆ ಹುಟ್ಟಿಸಿದವರು ಎದುರು ಮನೆಯ ತಂತಿ ಮಾಸ್ತರರು. ಹೊನ್ನಾಳಿಯಲ್ಲಿ ಜನರ ಸಾವು ಹುಟ್ಟುಗಳ ಟೆಲಿಗ್ರಾಂ ಕಳಿಸಿ ಕಳಿಸಿ ನಿವೃತ್ತರಾದವರು. ಅವರ ಕೋಣೆಯಲ್ಲಿ ಅರ್ಧ ಕಟ್ಟಿದ ಟ್ರಾನ್ಸ್‌ಮಿಟರ್ ಇತ್ತು.

"ನನ್ ಕಿವಿ ಹೋಗೈತವ್ವ, ಪರೀಕ್ಷೆ ನನ್ ಕೈಲಾಗಲ್ಲ. ಲೈಸೆನ್ಸು ನೀನು ತಗಾ, ಮಿಷನ್ನು ನಾನು ಮುಗಿಸಿ ಕೊಡ್ತೀನಿ" ಅಂದರು.

ಎರಡು ಟಾರ್ಚ್ ಸೆಲ್ಲು, ಒಂದು ಬಜರು, ಒತ್ತಲು ತಗಡಿನ ಪಟ್ಟಿ. ಅಷ್ಟರಲ್ಲೇ ತಂತಿ ಭಾಷೆಯ ಮೋರ್ಸ್ ಸಂಕೇತ ಕಲಿಸಿದರು. ಕಿವಿ ಕೇಳದಿದ್ದರೂ ಮೇಜಿಗೆ ಬೆರಳಿಟ್ಟು ನನ್ನ ತಪ್ಪು ಹಿಡಿಯುತ್ತಿದ್ದರು. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. "ರೊಟ್ಟಿ ತಟ್ಟೇ, ತಂತಿ ಹೊಡೀಬ್ಯಾಡ" ಅಂತ ಅಮ್ಮ ಬೈಯುತ್ತಿದ್ದಳು.

ಅಪ್ಪನಿಗೆ ಬಟ್ಟೆ ಅಂಗಡಿ. ಸರ್ಕಾರಿ ಪರೀಕ್ಷೆ ಅಂದಿದ್ದಕ್ಕೆ, ಪಾಸಾದರೆ ಪೋಸ್ಟಾಫೀಸಿನಲ್ಲಿ ಕೆಲಸ ಸಿಗುತ್ತದೆ ಅಂದುಕೊಂಡ. ನಾನು ಅಲ್ಲ ಅನ್ನಲಿಲ್ಲ. ಅಂದಿದ್ದರೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದನೇ? ನಾನು ಒಳಗೆ ಹೆಡ್‌ಫೋನು ಹಾಕಿಕೊಂಡು ಬೆವರುವಾಗ ಅವನು ಹೊರಗೆ ಮೆಟ್ಟಿಲ ಮೇಲೆ, ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು ಕಾದ. ಪಾಸಾದ ಸುದ್ದಿ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ.

ಇನ್ನು ಉಳಿದದ್ದು ಪೊಲೀಸ್ ವಿಚಾರಣೆ ಒಂದೇ. ಒಂದು ಬೆಳಿಗ್ಗೆ ಪೇದೆಯೊಬ್ಬ ಸೈಕಲ್ಲು ನಿಲ್ಲಿಸಿ ಜಗುಲಿಗೆ ಬಂದು ಕೂತ. ಓಣಿ ಓಣಿಯೇ ಅವನ ಹಿಂದೆ ಬಂತು. ಗಂಡಿನ ಕಡೆಯ ನ್ಯಾಮತಿಯವರು ನನ್ನನ್ನು ನೋಡಿಕೊಂಡು ಹೋಗಿ ಮೂರು ದಿನವಾಗಿತ್ತು, ಉತ್ತರ ಬಂದಿರಲಿಲ್ಲ. ಅಪ್ಪನ ಮುಖ ಆಗಲೇ ಬಿಳಿಚಿತ್ತು.

"ನಿಮ್ಮ ಮಗಳು ವೈರ್‌ಲೆಸ್ಸಿಗೆ ಅರ್ಜಿ ಹಾಕ್ಯಾಳ್ರೀ" ಅಂದ ಪೇದೆ. "ಯಾರ ಜೊತೆ ಮಾತಾಡಾಕೆ?"

ಅಪ್ಪ ಎದ್ದು ನಿಂತ. "ಏನ್ರೀ ಹಿಂಗಂತೀರಿ? ನಮ್ಮ ಹುಡುಗಿ ತಲೆ ಎತ್ತಿ ನಡೆದೋಳಲ್ಲ. ಯಾರ ಜೊತೆಗೂ ಮಾತಾಡಲ್ಲ. ಬೇಕಾದ್ರೆ ಓಣಿಯೋರನ್ನ ಕೇಳ್ರಿ."

ಓಣಿಯವರೂ ಬಿಟ್ಟುಕೊಡಲಿಲ್ಲ. "ದಿಟಾರೀ, ಮನೆಯಾಗೆ ಅದಾಳೋ ಇಲ್ಲೋ ಗೊತ್ತಾಗಲ್ಲ, ಅಂಥ ಹುಡುಗಿ." ಅಷ್ಟೊಂದು ಒಳ್ಳೆಯ ಮಾತು ನನ್ನ ಬಗ್ಗೆ ಮತ್ತೆಂದೂ ಯಾರೂ ಆಡಲಿಲ್ಲ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಜಗುಲಿ ನಾಲ್ಕೇ ಹೆಜ್ಜೆ. ಜಗತ್ತನ್ನೇ ಕರೆದು 'ಯಾರಾದರೂ ಇದ್ದೀರಾ' ಅಂತ ಕೇಳುವುದನ್ನು ವರ್ಷವಿಡೀ ಅಭ್ಯಾಸ ಮಾಡಿದ್ದವಳು ನಾನು. 'ನಾನು ಮಾತಾಡಬೇಕು' ಅನ್ನುವ ಎರಡು ಪದ ಆ ನಾಲ್ಕು ಹೆಜ್ಜೆ ದಾಟಲಿಲ್ಲ. ಪೇದೆ ಬರೆದುಕೊಂಡ, ಅಮ್ಮ ಕೊಟ್ಟ ಕಾಫಿ ಕುಡಿದು ಹೋದ.

ಪೊಲೀಸರು ಬಂದ ಮನೆ ಅಂತ ನ್ಯಾಮತಿಯವರು ಬೇಡ ಅಂದರು. ಕೆಲವು ತಿಂಗಳಿಗೆ ಕಾಗದವೂ ಬಂತು: ವಿಚಾರಣೆಯ ಪ್ರಕಾರ ಅರ್ಜಿದಾರಳಿಗೆ ಯಾರೊಂದಿಗೂ ಸಂಪರ್ಕದ ಅಗತ್ಯ ಕಂಡುಬಂದಿಲ್ಲ, ಅರ್ಜಿ ಮುಕ್ತಾಯ. ಇಂಗ್ಲಿಷಿನಲ್ಲಿದ್ದುದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಆ ಯಂತ್ರ ಯಾತಕ್ಕೆ ಅನ್ನುವುದನ್ನೂ ಅವತ್ತೇ ಹೇಳಿದೆ. ಮಾರನೇ ದಿನ, ಜನ್ಮದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತದ ಅಪ್ಪ ಅಂಗಡಿ ಮುಚ್ಚಿ ಹೋಗಿ, ನನ್ನ ಮಗಳು ಮಾತಾಡ್ತಾಳ್ರೀ, ಬರಕೊಳ್ರಿ ಅಂದನಂತೆ. ಅವರು ನಕ್ಕು ಕಳಿಸಿದರು.

ಮುಂದೆ ಜಗಳೂರಿನ ಮೇಷ್ಟರೊಬ್ಬರ ಜೊತೆ ಮದುವೆಯಾಯಿತು. ಅಲ್ಲಿಂದ ಮತ್ತೆ ಅರ್ಜಿ ಹಾಕಿದೆ. ಪೇದೆ ಬಂದ, ನನ್ನ ಗಂಡನನ್ನು ಕೇಳಿದ, ಅವರು ಆಗಬಹುದು ಅಂದರು. ನನ್ನನ್ನು ಆಗಲೂ ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಲೈಸೆನ್ಸು ಬಂತು, ರೇಡಿಯೋದಲ್ಲಿ ಹೆಸರಿನ ಬದಲು ಹೇಳುವ, ನನ್ನದೇ ಆದ ಕರೆಯ ಗುರುತಿನ ಸಮೇತ. ಅಷ್ಟರಲ್ಲಿ ತಂತಿ ಮಾಸ್ತರರು ತೀರಿಕೊಂಡಿದ್ದರು, ಯಂತ್ರ ಗುಜರಿಗೆ ಹೋಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಅವಧಿ ಮುಗಿಯುವ ತನಕ ಆ ಗುರುತು ಹೇಳಿ ನಾನು ಯಾರನ್ನೂ ಕರೆಯಲಿಲ್ಲ.

ಲೈಸೆನ್ಸು ಬಂದ ವಾರವೇ ಅದನ್ನು ಚನ್ನಗಿರಿಗೆ ಒಯ್ದು ಅಪ್ಪನಿಗೆ ತೋರಿಸಿದ್ದೆ. ಕಾಯಿಲೆ ಬಿದ್ದು ಪಡಸಾಲೆಯ ಮಂಚದಲ್ಲಿ ಮಲಗಿದ್ದ. ಮೊಹರಿನ ಮೇಲೆ ಬೆರಳಾಡಿಸಿದ.

"ಅವತ್ತು ನನಗೆ ತಿಳೀಲಿಲ್ಲವ್ವ" ಅಂದ. "ನೀನು ಬಾಗಿಲ ಹಿಂದೇ ಇದ್ದಿ. ನೀನಾದ್ರೂ ಒಂದ್ ಮಾತು ಅನ್ನಬಾರದಿತ್ತಾ?"

ಅವನು ಕಾಗದ ಮಡಚಿ ನನ್ನ ಕೈಗೆ ಕೊಟ್ಟ. ಕಾಫಿ ತರ್ತೀನಿ ಅಂತ ಹೇಳಿ ನಾನು ಒಳಗೆ ಹೋದೆ.